ರಾಜನ ಬೆನ್ನಿನ ಹಲ್ಲಿ

ಬಹಳ ಹಿಂದೆ, ಹಲ್ಲಿ ಲೊಚಗುಟ್ಟಿದರೂ ಜನ ಶಾಸ್ತ್ರ ಕೇಳುತ್ತಿದ್ದ ಕಾಲದಲ್ಲಿ, ಮುಸುಕಾಪುರವೆಂಬ ರಾಜ್ಯವಿತ್ತು. ಅದರ ರಾಜ ವಜ್ರಬಾಹು. ಹೆಸರಷ್ಟೇ ವಜ್ರ, ತೋಳು ನುಗ್ಗೇಕಾಯಿ.

ಅವನ ಮದುವೆಯ ಮಾರನೇ ದಿನವೇ ಮಸಣಾಕ್ಷನೆಂಬ ಮಾಯಾವಿ ಬಂದು ಪಿಸುಗುಟ್ಟಿದ: "ಪ್ರಭೂ, ನಿಮ್ಮ ಬೆನ್ನ ಮೇಲೆ ಹಲ್ಲಿಯಂಥ ಮಚ್ಚೆಯಿದೆ. ರಾಣಿ ಕಂಡರೆ ತವರಿಗೆ ಓಡುತ್ತಾಳೆ."

ಅಂಗಿ ತೊಟ್ಟವನ ಬೆನ್ನು ನಿನಗೆ ಹೇಗೆ ಕಂಡಿತಯ್ಯಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ತನ್ನ ಬೆನ್ನು ತನಗೆ ಕಾಣದು. ಮಾಯಾವಿ ಕೊಟ್ಟ ಕರಿ ನಿಲುವಂಗಿ ತೊಟ್ಟೇಬಿಟ್ಟ. ರಾಜ ತೊಟ್ಟಮೇಲೆ ಕೇಳಬೇಕೆ? ಒಬ್ಬನಿಗೆ ಬೊಜ್ಜು, ಒಬ್ಬಳಿಗೆ ಸುಟ್ಟ ಕಲೆ, ಊರಿಗೂರೇ ತೊಟ್ಟಿತು. ಕೊನೆಗೆ ರಾಣಿ ಹೊನ್ನಾಂಬೆಯೂ.

ಪ್ರತಿ ದೀಪಾವಳಿಗೆ ರಾಣಿ ಎಣ್ಣೆ ಬಟ್ಟಲು ಹಿಡಿದು ಬರುವಳು.

"ಬನ್ನಿ, ಬೆನ್ನಿಗೆ ಹಚ್ತೀನಿ."

"ನಾನೇ ಹಚ್ಕೋತೀನಿ."

"ಕೈ ಎಟುಕುತ್ತಾ?"

"ಎಟುಕುತ್ತೆ!"

ಎಟುಕುತ್ತಿರಲಿಲ್ಲ. ರಾಣಿ ಎಣ್ಣೆಯನ್ನು ದೀಪಕ್ಕೆ ಸುರಿದು ಹೋಗುವಳು. ಹೀಗೇ ಇಬ್ಬರಿಗೂ ಮುಪ್ಪು ಬಂತು.

ಆಮೇಲೆ ನಿಲುವಂಗಿಗಳು ಬಿಗಿಯತೊಡಗಿದವು. ಬಿಚ್ಚಲು ಬರದು, ಹರಿಯಲು ಆಗದು. ರಾಣಿಗೆ ಉಸಿರು ಕಟ್ಟಿತು. ಅರಮನೆಯ ಗಿಣಿ ರಾಜನಿಗೆ ಹೇಳಿತು: "ಗುಡ್ಡಗಳಾಚೆ ಬಯಲುಗೊಳವಿದೆ. ಮೈಮೇಲೆ ನೂಲೆಳೆಯೂ ಇಲ್ಲದೆ ನೀನಲ್ಲಿ ಮಿಂದರೆ ಎಲ್ಲರ ಅಂಗಿಯೂ ಕಳಚುತ್ತೆ."

ರಾಜ ಹೊರಟ. ಮೊದಲ ಗುಡ್ಡದಲ್ಲಿ ಕರಡಿ ಅಡ್ಡನಿಂತಿತು. "ಏನು ಮುಚ್ಚಿಟ್ಟಿದ್ದೀ?"

"ಬೋಳುತಲೆ." ಅಂಗಿಯ ಮುಸುಕು ಹಾರಿಹೋಯಿತು.

ಎರಡನೇ ಗುಡ್ಡದಲ್ಲಿ ಹುಲಿ. "ಏನು ಮುಚ್ಚಿಟ್ಟಿದ್ದೀ?"

"ನುಗ್ಗೇಕಾಯಿ ತೋಳು." ತೋಳುಗಳು ಉದುರಿದವು, ಅಂಗಿಯವು, ಅವನವಲ್ಲ.

ಮೂರನೇ ಗುಡ್ಡದಲ್ಲಿ ಹಾವು. "ಏನು ಮುಚ್ಚಿಟ್ಟಿದ್ದೀ?"

ರಾಜ ಎರಡು ಹೆಜ್ಜೆ ಹಿಂದೆ ಸರಿದ. ರಾಣಿಯ ಏದುಸಿರು ನೆನಪಾಯಿತು. "ಬೆನ್ನು," ಅಂದ, ಅಳುತ್ತ. ಉಳಿದದ್ದೆಲ್ಲ ಹಾವಿನ ಪೊರೆಯಂತೆ ಜಾರಿತು.

ಕೊಳದಲ್ಲಿ ಮುದುಕ ಮುದುಕಿಯರು, ದಪ್ಪನವರು, ಸಣಕಲರು ಹುಟ್ಟಿದ ಹಾಗೆಯೇ ಮೀಯುತ್ತಿದ್ದರು. ಯಾರೂ ಯಾರನ್ನೂ ದಿಟ್ಟಿಸುತ್ತಿರಲಿಲ್ಲ. ಒಂಟಿಕಾಲಿನ ತಾತನೊಬ್ಬ ಕೂಗಿದ: "ಏನಪ್ಪ ನಿಂತೇ ಇದ್ದೀಯ? ನೀರು ತಣ್ಣಗಿದೆ, ಒಂದೇ ಸಲ ಮುಳುಗು!"

ಮುಳುಗಿದ. ಸ್ವಲ್ಪ ಹೊತ್ತಿಗೆ ತಾನು ಬೆತ್ತಲೆಂಬುದೇ ಮರೆತುಹೋಯಿತು. ಆದರೂ ಮೆಲ್ಲಗೆ ಕೇಳಿದ: "ತಾತ, ನನ್ನ ಬೆನ್ನ ಮೇಲೆ ಏನಿದೆ?"

ತಾತ ಅಂಗೈಯಿಂದ ತಿಕ್ಕಿ ನೋಡಿದ. "ಏನಿದೆ? ಕೊಳೆ ಇದೆ. ಯಾರೂ ಉಜ್ಜದೆ ಎಷ್ಟು ವರ್ಷ ಆಯ್ತಯ್ಯ?"

"ಹಲ್ಲಿ ಇಲ್ವಾ?"

"ಹಲ್ಲಿಗೂ ಒಂದು ಮರ್ಯಾದೆ ಬೇಡ್ವೇನೋ, ಇಷ್ಟು ಕೊಳೇಲಿ ಇರೋಕೆ!"

ಕೊಳವೆಲ್ಲ ನಕ್ಕಿತು. ರಾಜನೂ ನಕ್ಕ. ನಗುನಗುತ್ತಲೇ ಅತ್ತ. ಎಷ್ಟು ದೀಪಾವಳಿ!

ಅತ್ತ ಮುಸುಕಾಪುರದ ಅಂಗಿಗಳೆಲ್ಲ ಕಳಚಿಬಿದ್ದವು. ಮಸಣಾಕ್ಷನದೂ ಬಿತ್ತು. ಒಳಗಿದ್ದದ್ದು ಒಂದು ಹಲ್ಲಿ. ಲೊಚಗುಟ್ಟುತ್ತ ಗೋಡೆ ಹತ್ತಿ ಓಡಿತು.

ರಾಜ ಮನೆಗೆ ಬಂದವನೇ ಮಣೆಯ ಮೇಲೆ ಬೆನ್ನು ತಿರುಗಿಸಿ ಕೂತ. ಹಬ್ಬವಲ್ಲದಿದ್ದರೂ ರಾಣಿ ಎಣ್ಣೆ ತಂದಳು. ಎರಡು ಸಲ ಉಜ್ಜುವಷ್ಟರಲ್ಲಿ ಕೈ ಸೋತಿತು.

"ಆಗ ನನ್ನ ಕೈಯಲ್ಲಿ ಕಸುವಿತ್ತು," ಅಂದಳು. "ಯಾತಕ್ಕೆ ಮುಚ್ಚಿಟ್ರಿ?"

"ಹಲ್ಲಿ ಇದೆ ಅಂದ್ಕೊಂಡಿದ್ದೆ."

"ಇದ್ದಿದ್ರೆ ಅದಕ್ಕೂ ಎಣ್ಣೆ ಹಚ್ತಿದ್ದೆ."

ಅಂದಿನಿಂದ ಊರಿಗೂರೇ ಬಯಲುಗೊಳದಲ್ಲಿ ಮೀಯತೊಡಗಿತು. ಅವರು ಅಲ್ಲಿ ಸುಖವಾಗಿ ಮಿಂದರು. ನಮ್ಮ ಬೆನ್ನು ಇಲ್ಲಿ ಇನ್ನೂ ತುರಿಸುತ್ತಲೇ ಇದೆ.