ಬಾಡಿಗೆಯ ಬಡವರು

ಕಾದ ಇಸ್ತ್ರಿಪೆಟ್ಟಿಗೆ ನನ್ನ ಕೆನ್ನೆಯಿಂದ ಬೆರಳಗಲ ದೂರದಲ್ಲಿತ್ತು!

ಒಳಗೆ ಕೆಂಡ ಚಟಪಟ ಅನ್ನುವುದು ಕೇಳಿಸುತ್ತಿತ್ತು. ನನ್ನ ಎರಡೂ ಕೈಗಳನ್ನು ಇಸ್ತ್ರಿ ಅಕ್ಕನ ಇಬ್ಬರು ಮೈದುನರು ಮೇಜಿಗೆ ಒತ್ತಿ ಹಿಡಿದಿದ್ದರು. ಅವಳನ್ನು ಗಂಡ ಬಿಟ್ಟುಹೋದರೂ ಮೈದುನರು ಬಿಟ್ಟಿರಲಿಲ್ಲ.

"ಕಾಲರಿಂದ ಶುರು ಮಾಡ್ಲೋ, ಕೆನ್ನೆಯಿಂದ್ಲೋ?" ಅಂದಳು ಇಸ್ತ್ರಿ ಅಕ್ಕ.

"ಅಕ್ಕಾ... ಶರ್ಟು ಹೊಸದು."

"ಮುಖ ಹಳೇದು. ಸರಿ, ಅದರಿಂದ್ಲೇ ಶುರು. ಮೀಟಿಂಗ್ ಎಲ್ಲಿ?"

"ಸಾಯಂಕಾಲ... ಇಲ್ಲೇ ಶಾಲೆ ಅಂಗಳದಲ್ಲಿ..."

ಪೆಟ್ಟಿಗೆ ಇನ್ನಷ್ಟು ಹತ್ತಿರ ಬಂತು. ಮೀಸೆಯ ತುದಿ ಕರಕಲಾದ ವಾಸನೆ. ಸುಳ್ಳು ತಾಳಿಕೊಳ್ಳುವ ಶಾಖಕ್ಕೂ ಒಂದು ಮಿತಿ ಇರುತ್ತದೆ.

"ದೊಡ್ಡ ಹೋಟೆಲಲ್ಲಿ! ಈಗಾಗ್ಲೇ ಶುರುವಾಗಿದೆ!"

ನನ್ನ ವೃತ್ತಿ ಏನು ಅಂತ ಕೇಳಿದಿರಲ್ಲ? ಜನ ಸಪ್ಲೈ. ಸಭೆಗೆ ಕಿವಿ, ಮೆರವಣಿಗೆಗೆ ಕಾಲು, ಶವಯಾತ್ರೆಗೆ ಕಣ್ಣೀರು. ಈಚೆಗೆ ಹೊಸ ಬೇಡಿಕೆ... ಬಡವರು!

ಊರಿನ ಸೆಖೆ ಇಳಿಸಲು ದೊಡ್ಡದೊಂದು ನಿಧಿ ಬಂದಿತ್ತು. ಷರತ್ತು ಒಂದೇ. ಬಿಸಿಲಿಗೆ ಯಾರು ಹೆಚ್ಚು ಬೇಯುತ್ತಾರೋ, ಒಪ್ಪಿಗೆ ಅವರ ಬಾಯಿಂದಲೇ ಬರಬೇಕು. ಕಾಲುವೆ ದಂಡೆಯ ತಗಡಿನ ಮನೆಗಳವರು ಕೇಳಿದ್ದು ತಂಪು ಚಾವಣಿ, ಒಂದಿಷ್ಟು ನೆರಳು, ನೀರು. ಕಂಟ್ರಾಕ್ಟರ್ ಚೀಫ್ ಕೇಳಿದ್ದು ಮನೆಗಳೇ ಇಲ್ಲದ ಕಾಲುವೆ ದಂಡೆ. ಅಲ್ಲಿ ಹುಲ್ಲು, ಮರ, ಬೆಂಚು. ಅದರೆದುರಿಗೆ ಅವನ ಹೊಸ ಅಪಾರ್ಟ್‌ಮೆಂಟು. ಅತ್ತೆಯ ಒಡವೆ, ಅಳಿಯನ ದಾನ!

ಹಾಗಾಗಿ 'ಪಾರ್ಕಿಗಾಗಿ ಖುಷಿಯಿಂದ ಜಾಗ ಬಿಡ್ತೀವಿ' ಅನ್ನುವ ಬಡವರು ಚೀಫ್‌ಗೆ ಬೇಕಾಗಿದ್ದರು. ಕಳಿಸಿದ್ದೆ. ಸಭೆ ಮುಗಿಯುವವರೆಗೆ ಇಸ್ತ್ರಿ ಅಕ್ಕನನ್ನು ಮಾತಿನಲ್ಲಿ ಕಟ್ಟಿಹಾಕುವ ಕೆಲಸವೂ ನನ್ನದೇ. ಯಾರು ಯಾರನ್ನು ಕಟ್ಟಿಹಾಕಿದರು ಅನ್ನುವುದು ಬೇರೆ ಮಾತು.

"ನಡಿ, ಕರ್ಕೊಂಡ್ ಹೋಗು," ಅಂದಳು. "ನಮ್ಮತ್ತೆ ಹೋದ ಬೇಸಿಗೇಲಿ ಆ ತಗಡಿನ ಕೆಳಗೇ ಬೆಂದು ಸತ್ಲು. ಈಗ ಆ ತಗಡೂ ಹೋದ್ರೆ ಮಗಳನ್ನ ಎಲ್ಲಿ ಮಲಗಿಸ್ಲಿ? ನಿನ್ನ ತಲೆ ಮೇಲಾ?"

ನನ್ನ ವ್ಯಾನು ಹತ್ತಿದೆವು. ಪಕ್ಕದಲ್ಲಿ ಅವಳು. ಹಿಂದೆ ದೊಡ್ಡ ಮೈದುನ, ಅವನ ಕೈಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯೆದುರು ನನ್ನ ಕತ್ತು. ಇಷ್ಟು ಒಳ್ಳೆಯ ಡ್ರೈವಿಂಗ್ ನಾನು ಜನ್ಮದಲ್ಲೇ ಮಾಡಿರಲಿಲ್ಲ!

ಗಲ್ಲಿಯ ಬಾಯಲ್ಲಿ ಜೀಪು. ಚೀಫ್‌ನ ಭಾವಮೈದ.

"ಲೋ! ಅವಳನ್ನ ಎಲ್ಲಿಗೋ ಕರ್ಕೊಂಡ್ ಹೋಗ್ತಿದೀಯ?"

"ಡೆಲಿವರಿ!"

ವ್ಯಾನನ್ನು ಎಡಕ್ಕೆ ತಿರುಗಿಸಿ ಒಣಹಾಕಿದ ಬಟ್ಟೆಗಳ ನಡುವೆ ನುಗ್ಗಿದೆ. ಜೀಪು ಹಿಂದೆಯೇ ಬಂತು. ಒದ್ದೆ ಬೆಡ್‌ಶೀಟೊಂದು ಅದರ ಗಾಜಿಗೆ ಸುತ್ತಿಕೊಂಡಿತು... ಆಮೇಲೆ ದೀಪದ ಕಂಬ... ಢಂ!

ಅಕ್ಕ ಹಿಂದಿರುಗಿ ನೋಡಿದಳು.

"ಅಯ್ಯೋ, ಮೂಲೆ ಮನೆಯವ್ರ ಬೆಡ್‌ಶೀಟು! ನನ್ ಹತ್ರಾನೇ ಇಸ್ತ್ರಿಗೆ ಬರೋದಿತ್ತು."

ಹೋಟೆಲಿನ ಬಾಗಿಲಲ್ಲೇ ಗಾರ್ಡುಗಳು ಮೈದುನನನ್ನು ಕೆಡವಿದರು. ಕೆಂಡದ ಪೆಟ್ಟಿಗೆ ಹಿಡಿದವನನ್ನು ಬಿಡುವುದುಂಟೆ? ನಾವಿಬ್ಬರೂ ಆ ಗಲಾಟೆಯಲ್ಲಿ ಒಳಗೆ ನುಸುಳಿದೆವು.

ಹಾಲ್‌ನಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ, ಸೆಖೆಯ ಬಗ್ಗೆ ಚರ್ಚಿಸುತ್ತಿದ್ದವರೆಲ್ಲ ಶಾಲು ಹೊದ್ದಿದ್ದರು.

ವೇದಿಕೆಯ ಮೇಲೆ ನನ್ನ ಅತ್ಯುತ್ತಮ ಸರಕು. ನಾಟಕದ ಚಿಕ್ಕಮ್ಮ! ಆಯಸ್ಸಿಡೀ ಕಂಪನಿ ನಾಟಕಗಳಲ್ಲಿ ತಾಯಿಯ ಪಾರ್ಟು ಮಾಡಿ ಸವೆದವಳು. ಕೊರಳಲ್ಲಿ ಚೀಫ್ ಮಾಡಿಸಿಕೊಟ್ಟ ಬ್ಯಾಡ್ಜು... 'ಕಾಲುವೆ ದಂಡೆ ನಿವಾಸಿ'.

"ನಮ್ ಮನೆ ಹೋದ್ರೂ ಪರವಾಗಿಲ್ಲ... ಊರು ತಂಪಾಗಿರ್ಲಿ..."

ನಿಧಿಯ ಹಣ ಮಂಜೂರು ಮಾಡಲು ಬಂದಿದ್ದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿಲ್ಸಿ!" ಇಸ್ತ್ರಿ ಅಕ್ಕನ ಗಂಟಲಿಗೆ ಮೈಕು ಬೇಕಿರಲಿಲ್ಲ. "ಕಾಲುವೆ ದಂಡೆಯವಳು ನಾನು! ಇವಳ ಮುಖ ನಾವ್ಯಾರೂ ನೋಡಿಲ್ಲ! ಮನೆ ಬಿಡಲ್ಲ! ನೆರಳು ಕೊಡಿ ಅಂದ್ರೆ ಸೂರೇ ಕಿತ್ಕೋತೀರಾ?"

ಶಾಲು ಹೊದ್ದ ತಲೆಗಳೆಲ್ಲ ನಮ್ಮತ್ತ ತಿರುಗಿದವು.

ಚೀಫ್ ಮಾತ್ರ ನಕ್ಕ.

"ಮೇಡಂ, ಅವಳ ಪಕ್ಕ ನಿಂತಿದ್ದಾನಲ್ಲ... ಏನ್ ಕೆಲಸ ಮಾಡ್ತಾನೆ ಅಂತ ಅವನನ್ನೇ ಕೇಳಿ."

ಅಲ್ಲಲ್ಲಿ ಕಿಸಕ್ಕನೆ ನಗು. ಹಾಲಿನ ಅರ್ಧ ಜನ ನನ್ನ ಹಳೆಯ ಗಿರಾಕಿಗಳು.

"ಏನು ಕೆಲಸ ನಿಮ್ಮದು?" ಮೇಡಂ ಕೇಳಿದರು.

"ಜನ... ಒದಗಿಸೋದು."

"ಈಕೆಯನ್ನ ಕರೆತಂದವರು?"

"ನಾನೇ. ಆದ್ರೆ ಇವಳು ಅಸಲಿ ಮೇಡಂ! ಸ್ಟೇಜ್ ಮೇಲಿರೋಳನ್ನ ನಾನು ಬಾಡಿಗೆಗೆ ಕಳ್ಸಿದ್ದು!"

"ಆ ಕಡೆಯವ್ರು ಜಾಸ್ತಿ ಕೊಟ್ಟಿರ್ಬೇಕು," ಅಂದ ಚೀಫ್. ಈ ಸಲ ಹಾಲ್ ಬಹಿರಂಗವಾಗಿಯೇ ನಕ್ಕಿತು.

ಅಕ್ಕ ನನ್ನ ತೋಳು ಹಿಡಿದು ಜಗ್ಗಿದಳು. "ಇನ್ನೊಂದ್ಸಲ ಹೇಳೋ! ಸರಿಯಾಗಿ ಹೇಳೋ!"

ಏನು ಹೇಳಲಿ? ಹುಟ್ಟಿದಂದಿನಿಂದ ಮೊದಲ ಸಲ ಸಭೆಯಲ್ಲಿ ನಿಜ ನುಡಿದಿದ್ದೆ. ಅಭ್ಯಾಸವಿಲ್ಲದ್ದು ಬೇಗ ಗೊತ್ತಾಗುತ್ತದೆ. ಒಂಟಿಯಾಗಿ ನಡೆದು ಬಂದಿದ್ದರೆ ಅವಳನ್ನು ನಂಬುತ್ತಿದ್ದರೇನೋ. ನನ್ನ ಜೊತೆ ಬಂದಳು. ನಾನು ಕರೆತಂದ ಬಡವರನ್ನು ಯಾರಾದರೂ ಬಡವರು ಅಂದಾರೆಯೇ?

ಆಗ ನಾಟಕದ ಚಿಕ್ಕಮ್ಮ ವೇದಿಕೆ ಇಳಿದಳು. ನಿಧಾನವಾಗಿ, ಒಂದು ಕೈ ಎದೆಯ ಮೇಲೆ. ಬಂದವಳೇ ಇಸ್ತ್ರಿ ಅಕ್ಕನನ್ನು ತಬ್ಬಿಕೊಂಡಳು.

"ಗೊತ್ತು ತಾಯಿ... ಹಸಿವು ಏನೇನೋ ಮಾಡಿಸುತ್ತೆ. ಆದ್ರೆ ಬೇರೆಯವ್ರ ಕಷ್ಟವನ್ನ ಮಾರ್ಕೋಬಾರ್ದಮ್ಮಾ!"

ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು!

ಅಪ್ಪುಗೆಯೊಳಗೆ ಅಕ್ಕ ಮರಗಟ್ಟಿ ನಿಂತಿದ್ದಳು. ಅವಳ ಭುಜದ ಮೇಲಿಂದ ಚಿಕ್ಕಮ್ಮ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಹೇಗಿತ್ತು ಪಾರ್ಟು, ಅನ್ನುವಂತೆ.

ಮೇಡಂ ಅಲ್ಲೇ ಸಹಿ ಹಾಕಿದರು.

ಹೊರಗೆ ಭಾವಮೈದ ಕಾಯುತ್ತಿದ್ದ. ನನ್ನ ಎರಡು ಹಲ್ಲು ಹೋದವು. ಮರುದಿನ ಬೆಳಿಗ್ಗೆ ಬುಲ್ಡೋಜರು ಬಂತು. ತಗಡು ಮಡಚಿಕೊಳ್ಳುವ ಸದ್ದು ಕೇಳಿದ್ದೀರಾ? ಪ್ರಾಣಿ ಕೂಗಿದಂತಿರುತ್ತದೆ. ಅಕ್ಕ ಅಡ್ಡ ಮಲಗಿದಳು. ಕಾಲು ಹಿಡಿದು ಎಳೆದು, ಪಕ್ಕಕ್ಕಿಟ್ಟು, ಕೆಲಸ ಮುಂದುವರಿಸಿದರು.

ಪಾರ್ಕು ಮುಗಿಯಿತು. ಉದ್ಘಾಟನೆಗೆ ನಗುಮುಖದ ಫಲಾನುಭವಿಗಳು ಬೇಕೆಂದು ನನಗೇ ಆರ್ಡರು!

ಆಯ್ಕೆಗೆ ಬಂದವರ ಸಾಲಿನಲ್ಲಿ ಇಸ್ತ್ರಿ ಅಕ್ಕನೂ ನಿಂತಿದ್ದಳು. ಮಗಳನ್ನು ಕಂಕುಳಲ್ಲಿ ಇರುಕಿಕೊಂಡು.

"ಅಕ್ಕಾ... ನೀನು?"

"ಬಾಯಿ ಮುಚ್ಕೊಂಡ್ ಸೇರಿಸ್ಕೋ. ನಿನ್ನೆಯಿಂದ ಮಗು ಏನೂ ತಿಂದಿಲ್ಲ."

ಆಯ್ಕೆ ಮಾಡಲು ಬಂದಿದ್ದವಳು ಚೀಫ್‌ನ ಪ್ರಚಾರದ ಹುಡುಗಿ. 'ಈಗ ನಮಗೆ ತಂಪಾಗಿದೆ' ಅನ್ನುವ ಡೈಲಾಗು ಕೊಟ್ಟಳು. ಅಕ್ಕ ಮೊಳೆ ನುಂಗಿದವಳಂತೆ ಹೇಳಿದಳು.

"ಇವ್ರು ಬೇಡ. ಬಡವರ ಥರ ಕಾಣ್ತಿಲ್ಲ," ಅಂದಳು ಹುಡುಗಿ. "ಹೋದ್ಸಲದ ಅಮ್ಮನ್ನೇ ಕರೆಸಿ. ಅವ್ರು ರಿಯಲ್ಲಾಗಿದ್ರು."

ಗಿರಾಕಿಯ ಮಾತು ಮೀರುವುದುಂಟೆ ಸ್ವಾಮಿ? "ಮನೆಗೆ ಹೋಗಕ್ಕ" ಅಂದೆ.

ಯಾವ ಮನೆಗೆ ಅಂತ ಅವಳೂ ಕೇಳಲಿಲ್ಲ.