ದೊರೆ ಕೂತುಬಿಟ್ಟ

ದೊರೆ ಕೂತುಬಿಟ್ಟ.

ನಾಯಿ ಅಂದ ಮೇಲೆ ಕೂರುತ್ತದೆ, ಅದರಲ್ಲೇನು ಮಹಾ ಅನ್ನಬಹುದು ನೀವು. ಕೇಂದ್ರ ಸರ್ಕಾರದ ಕಟ್ಟಡಗಳನ್ನು ಕಾಯುವ ನಮ್ಮ ಪಡೆಯಲ್ಲಿ ನಾಯಿ ಸುಮ್ಮಸುಮ್ಮನೆ ಕೂರುವುದಿಲ್ಲ. ಸ್ಫೋಟಕದ ವಾಸನೆ ಸಿಕ್ಕರೆ ಬೊಗಳಬಾರದು, ಕಚ್ಚಬಾರದು, ಆ ಮನುಷ್ಯನ ಎದುರು ತಣ್ಣಗೆ ಕೂರಬೇಕು. ಅಷ್ಟಾದರೆ ಸಾಕು, ನಾವು ಕಾಯುವ ನ್ಯಾಯಾಲಯದ ಅಷ್ಟೂ ಮಹಡಿ ಖಾಲಿ.

ಅವತ್ತು ಬೆಳಿಗ್ಗೆ ಅವನು ಕೂತದ್ದು ಕೋರ್ಟಿನ ದುಭಾಷಿಯ ಎದುರು. ಬೂದು ಕೋಟು, ಹೆಗಲಿಗೆ ಚೀಲ, ಬರಲೋ ಬೇಡವೋ ಎಂದು ತುಟಿಯಂಚಿನಲ್ಲೇ ಕಾಯುವ ನಗು. ದಿನಾ ನಮ್ಮ ಗೇಟಿನಿಂದಲೇ ಬರುವವರು.

"ಕೈ ಮೇಲೆತ್ತಿ," ಅಂದೆ.

"ನಿಮ್ಮ ನಾಯಿ ಏನೋ ಹೇಳ್ತಿದೆ. ಅನುವಾದ ಮಾಡ್ಲಾ?"

"ಬಾಯಿ ಮುಚ್ಕೊಂಡು ಕೈ ಮೇಲೆತ್ತಿ!"

ಎತ್ತಿದರು. ಶೂ ಬಿಚ್ಚಿಸಿದೆ. ಕಾಲುಚೀಲದ ತುದಿಯಲ್ಲಿ ತೂತು. ನಾನು ನೋಡಿದ್ದನ್ನು ಅವರು ನೋಡಿದರು, ಹೆಬ್ಬೆರಳು ಮೆಲ್ಲಗೆ ಒಳಗೆ ಸೇರಿಕೊಂಡಿತು. ಬಂದ ನಗುವನ್ನು ನುಂಗಿಕೊಂಡೆ. ನ್ಯಾಯಾಧೀಶರೆಲ್ಲ ಬೀದಿಯಲ್ಲಿ ನಿಂತಿರುವಾಗ ನಗುವ ಹಾಗಿಲ್ಲ.

ಚೀಲದಲ್ಲಿ ಸಿಕ್ಕಿದ್ದು ಒಂದು ನಿಘಂಟು, ಒಂದು ಅರ್ಧ ತಿಂದ ಸೇಬು.

ಮುಂದಿನ ವಾರ ದೊರೆ ಮತ್ತೆ ಅವರೆದುರೇ ಕೂತ. ಮತ್ತೆ ಬೀದಿ ತುಂಬ ಜನ, ಮತ್ತೆ ಶೂ. "ಇವತ್ತು ಹೊಸ ಕಾಲುಚೀಲ," ಎಂದು ನನಗೊಬ್ಬಳಿಗೇ ಕೇಳುವಂತೆ ಪಿಸುಗುಟ್ಟಿದರು. ಅವರ ಕಣ್ಣು ನನ್ನ ಕಣ್ಣಿನಿಂದ ಆಚೆ ಹೋಗಲೇ ಇಲ್ಲ. ನಾನು ಗದರಿಸಿದೆ. ಗದರಿಕೆಯಲ್ಲಿ ದಮ್ಮಿರಲಿಲ್ಲ ಅಂತ ನನಗೇ ಗೊತ್ತಾಯಿತು.

ನಮ್ಮ ಪಡೆಯ ಚೀಫ್ ನನ್ನನ್ನು ತಮ್ಮ ಕೋಣೆಗೆ ಕರೆಸಿ ಒಂದು ಕಾಗದ ಮುಂದಿಟ್ಟರು.

"ನಾಯಿಗೆ ವಯಸ್ಸಾಯ್ತು, ಮೂಗು ಹೋಗಿದೆ. ಹಾಗಂತ ಸಹಿ ಹಾಕು. ಅದನ್ನ ಹೆಡ್ಡಾಫೀಸಿನ ನಾಯಿಗೂಡಿಗೆ ಕಳಿಸೋಣ. ಇನ್‌ಸ್ಪೆಕ್ಟರ್ ಹುದ್ದೆಗೆ ನಿನ್ನ ಹೆಸರು ಹೋಗಿದೆ, ನೆನಪಿರಲಿ."

"ಅವನ ಮೂಗು ನೆಟ್ಟಗಿದೆ ಸಾರ್."

"ಮತ್ತೆ ತಪ್ಪು ಯಾರದ್ದು?"

ಕಾಗದ ಎತ್ತಿಕೊಂಡು ಸಿಟ್ಟಿನಲ್ಲೇ ಹೊರಗೆ ಬಂದೆ. ಗೂಡಂತೆ ಗೂಡು! ನನ್ನ ಮಂಚದ ಪಕ್ಕ ಮಲಗಿ, ನಾನು ಮಗ್ಗುಲು ಬದಲಿಸಿದರೆ ಕಣ್ಣು ಬಿಡುವ ಜೀವ ಅದು. ಮನೆಗೆ ಬಂದರೆ ಅಮ್ಮನದು ಫೋನಿನಲ್ಲಿ ಬೇರೆಯೇ ರಾಗ.

"ಪ್ರಮೋಷನ್ ಬರೋ ಹೊತ್ತಲ್ಲಿ ಹಟ ಯಾಕೇ? ನಾಯಿ ತಾನೆ?"

"ನಾಯಿ ತಾನೆ ಅಂದ್ರೆ ಫೋನ್ ಇಟ್ಬಿಡ್ತೀನಿ," ಅಂದೆ. ಇಟ್ಟೇಬಿಟ್ಟೆ.

ಗುಟ್ಟು ಬಿಡಿಸಿದವಳು ಎಕ್ಸ್‌ರೇ ಅಕ್ಕ. ಗೇಟಿನಲ್ಲಿ ಚೀಲಗಳ ಹೊಟ್ಟೆಯೊಳಗೆ ಇಣುಕುವುದು ಅವಳ ಕೆಲಸ, ಮನುಷ್ಯರ ಹೊಟ್ಟೆಯೊಳಗೆ ಇಣುಕುವುದು ಅಭ್ಯಾಸ. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತಳು.

"ಲೇ, ಕೆಟ್ಟಿರೋದು ನಾಯಿ ಮೂಗಲ್ಲ ಕಣೇ, ನಿನ್ನ ತಲೆ."

"ಏನಕ್ಕಾ ಹಾಗಂದ್ರೆ?"

"ಅವ್ರು ಸಾಲಲ್ಲಿ ಕಂಡ ತಕ್ಷಣ ನೀನು ಉಸಿರು ಹಿಡೀತೀಯ. ಕೈ ಬಿಗಿಯಾಗುತ್ತೆ. ದೊರೆ ತಲೆಯೆತ್ತಿ ನಿನ್ನ ಮುಖ ನೋಡ್ತಾನೆ, ಆಮೇಲೇ ಕೂರ್ತಾನೆ. ನನ್ನ ಸ್ಟೂಲಿಂದ ಎಲ್ಲಾ ಕಾಣುತ್ತೆ."

"ಸುಳ್ಳು!"

"ಹೌದಾ? ಮತ್ತೆ ಮುಖ ಯಾಕೆ ಕೆಂಪಾಯ್ತು?"

ಬಾರಿನಲ್ಲಿ ಮಾತಾಡಬೇಡಿ ಎನ್ನುವುದು ನಮ್ಮ ತರಬೇತಿಯ ಮೊದಲ ಪಾಠ. ಹೊಸಬರು ಕಿಸಕ್ಕನೆ ನಗುತ್ತಾರೆ, ಅವರ ಮನಸ್ಸು ಯಾವ ಬಾರಿಗೆ ಹೋಗುತ್ತದೋ. ನಾವು ಹೇಳುವುದು ನಾಯಿಯ ಕೊರಳಿನ ಬಾರು. ಹಿಡಿದವರ ಭಯ, ಅನುಮಾನ, ಆಸೆ ಎಲ್ಲವೂ ಅದರಲ್ಲಿ ಇಳಿದು ನಾಯಿಯನ್ನು ಮುಟ್ಟುತ್ತದೆ. ಈ ಪಾಠವನ್ನು ಹೊಸಬರಿಗೆ ಹೇಳಿಕೊಡುವವಳು ನಾನೇ. ಅಯ್ಯೋ ನನ್ನ ಕರ್ಮವೇ! ನಾಯಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ.

ಆ ಕಾಗದಕ್ಕೆ ಸಹಿ ಹಾಕಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಇನ್‌ಸ್ಪೆಕ್ಟರ್, ದೊರೆ ಗೂಡಿನಲ್ಲಿ. ಮೈಯೆಲ್ಲ ಉರಿಯಿತು. ಕಾಗದವನ್ನು ಸಹಿಯಿಲ್ಲದೆ ಹಾಗೇ ಒಯ್ದು ಚೀಫ್ ಮೇಜಿನ ಮೇಲಿಟ್ಟೆ. "ಪರೀಕ್ಷೆ ಮಾಡಿಸಿ ಸಾರ್. ಎಲ್ಲರ ಎದುರಿಗೇ."

ಸಂಜೆ ಕೋರ್ಟು ಮುಗಿದ ಮೇಲೆ ಹಜಾರದಲ್ಲಿ ಕೋರ್ಟಿನ ಸಿಬ್ಬಂದಿಯನ್ನು ಸಾಲಾಗಿ ನಿಲ್ಲಿಸಿದರು. ನಡುವೆ ದುಭಾಷಿ. ಮೊದಲು ನಾಯಿಗಳ ತರಬೇತುದಾರರೊಬ್ಬರು ದೊರೆಯನ್ನು ನಡೆಸಿದರು. ದುಭಾಷಿಯನ್ನು ಮೂಸಿ ಮುಂದೆ ಹೋದ. ಕೊನೆಯಲ್ಲಿ ನಿಂತಿದ್ದ ಗುಮಾಸ್ತರ ಚೀಲದಲ್ಲಿ ಚೂರು ಸ್ಫೋಟಕ ಬಚ್ಚಿಟ್ಟಿದ್ದರು, ಅಲ್ಲಿ ಅಚ್ಚುಕಟ್ಟಾಗಿ ಕೂತ. ಭಲೇ ನನ್ನ ರಾಜ!

ಆ ಚೂರನ್ನು ಆಚೆ ಒಯ್ದು ಬಾರನ್ನು ನನ್ನ ಕೈಗೆ ಕೊಟ್ಟರು. ಉಸಿರನ್ನು ಹದದಲ್ಲಿಟ್ಟು ನಾಟಕ ಆಡಬಹುದಿತ್ತು. ಆಡಲಿಲ್ಲ. ತಲೆಯೆತ್ತಿ ಅವರನ್ನೇ ನೋಡುತ್ತಾ ನಡೆದೆ. ಅವರೂ ನನ್ನನ್ನೇ ನೋಡುತ್ತಿದ್ದರು. ತುಟಿಯಂಚಿನ ನಗು ಅವತ್ತು ಕಾಯಲಿಲ್ಲ, ಬಂದೇಬಿಟ್ಟಿತು. ನನ್ನ ಕೈಯಲ್ಲಿ ಬಾರು ಬಿಗಿಯಾಯಿತು.

ದೊರೆ ಕೂತುಬಿಟ್ಟ.

"ಏನಿದರ ಅರ್ಥ?" ಚೀಫ್ ಗುಡುಗಿದರು.

"ನಾಯಿ ಸರಿಯಾಗಿದೆ ಅಂತ ಸಾರ್. ಇವರನ್ನ ಕಂಡ್ರೆ ನನ್ನ ಉಸಿರು ನಿಲ್ಲುತ್ತೆ. ನನಗೆ ಇವರಂದ್ರೆ ಇಷ್ಟ. ಬೇಕಿದ್ರೆ ಅದನ್ನೇ ಬರೆದು ಸಹಿ ಹಾಕ್ತೀನಿ. ಸುಳ್ಳಿಗೆ ಹಾಕಲ್ಲ."

"ಇಷ್ಟು ಜನರ ಎದುರು ಹೀಗನ್ನೋಕೆ ನಾಚಿಕೆ ಆಗಲ್ವಾ?"

"ಇಲ್ಲ ಸಾರ್. ನನ್ನ ತಪ್ಪನ್ನ ನಾಯಿ ತಲೆಗೆ ಕಟ್ಟಿದ್ರೆ ಆಗ್ತಿತ್ತು."

ಹಿಂದಿನಿಂದ ಎಕ್ಸ್‌ರೇ ಅಕ್ಕ ಜೋರಾಗಿ ಕೆಮ್ಮಿದಳು. ಚೀಫ್ ದುಭಾಷಿಯತ್ತ ತಿರುಗಿದರು. "ನಿಮಗಿದು ಗೊತ್ತಿತ್ತೇನ್ರೀ?"

"ಮನುಷ್ಯರ ಭಾಷೆಯಲ್ಲಿ ಇವತ್ತೇ ಕೇಳಿದ್ದು ಸಾರ್," ಅಂದರು. ಸದಾ ಇನ್ನೊಬ್ಬರ ಮಾತನ್ನೇ ಆಡುವ ದನಿ ಮೊದಲ ಸಲ ನಡುಗಿತು. "ಇದು ಯಾರ ಮಾತಿನ ಅನುವಾದವೂ ಅಲ್ಲ, ನನ್ನದೇ. ನನ್ನ ಕೋಣೆಗೆ ಹಿಂದಿನ ಗೇಟೇ ಹತ್ತಿರ. ಆದರೂ ದಿನಾ ಸುತ್ತು ಹಾಕಿ ಮುಂದಿನಿಂದ ಬರ್ತೀನಿ. ಯಾಕೆ ಅಂತ ನಾಯಿಯನ್ನೇ ಕೇಳಿ."

ಚೀಫ್ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. ದೊರೆ ಉಳಿದ. ಆದರೆ ನನ್ನನ್ನು ಜನ ಬರುವ ಮುಂದಿನ ಗೇಟಿನಲ್ಲಿ ಇಡುವ ಹಾಗಿಲ್ಲವಲ್ಲ, ಲಾರಿಗಳು ಬರುವ ಹಿಂದಿನ ಗೇಟಿಗೆ ಹಾಕಿದರು.

"ಇನ್‌ಸ್ಪೆಕ್ಟರ್ ಆಸೆ ಬಿಟ್ಬಿಡು."

"ಮುಂದಿನ ಸಲ ಅರ್ಜಿ ಹಾಕ್ತೀನಿ ಸಾರ್. ಆಗಲೂ ಕೊಡದಿದ್ರೆ ಅದರ ಮುಂದಿನ ಸಲ," ಎಂದು ಸೆಲ್ಯೂಟ್ ಹೊಡೆದು ಬಂದೆ.

ಹಿಂದಿನ ಗೇಟಿನ ಮೊದಲ ದಿನ ಡೀಸೆಲ್ ಹೊಗೆ ಕುಡಿದೂ ಕುಡಿದೂ ಗಂಟಲು ಕಟ್ಟಿತ್ತು. ಡ್ಯೂಟಿ ಮುಗಿಸಿ ರಸ್ತೆಗೆ ಬಂದರೆ ಎದುರಿನ ಬೆಂಚಿನ ಬಳಿ ಬೂದು ಕೋಟು ನಿಂತಿತ್ತು.

"ಹಿಡ್ಕೊಳ್ಳಿ," ಎಂದು ಬಾರನ್ನು ಅವರ ಕೈಗೆ ಕೊಟ್ಟೆ. "ಕಾಫಿ ತರ್ತೀನಿ. ಬಾರಿನಲ್ಲಿ ಮಾತಾಡ್ಬೇಡಿ ಮತ್ತೆ."

"ಅಷ್ಟೂ ಗೊತ್ತಾಗಲ್ವೇನ್ರೀ ನನಗೆ?"

ಎರಡು ಲೋಟ ಹಿಡಿದು ರಸ್ತೆ ದಾಟಿದೆ. ದೊರೆ ತಲೆಯೆತ್ತಿ ಅವರ ಮುಖ ನೋಡಿದ. ಆಮೇಲೆ ನನ್ನತ್ತ ನಡೆದು ಬಂದ, ನನ್ನ ಬೂಟಿನ ಎದುರು ತಣ್ಣಗೆ ಕೂತುಬಿಟ್ಟ.

"ರೀ, ಉಸಿರು ಬಿಡ್ರೀ!" ಎಂದು ಕೂಗಿದೆ.

"ಆಗ್ತಿಲ್ಲ," ಅಂದರು.