ನಾಲ್ಕನೇ ಮೇಜಿನ ಪ್ರಶ್ನೆ

ಮಾರ್ಲಿಸ್ ಮೊದಲ ಸಲ ನನ್ನ ಮೇಜಿಗೆ ಬಂದಾಗ ಫಾರಂನಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿಕೊಂಡು ಬಂದಿದ್ದಳು. 'ಒಂಟಿ' ಎಂಬ ಚೌಕಕ್ಕೆ.

ಅಮೆರಿಕದ ಡುಲೂತ್ ಊರಿನ ಲೈಬ್ರರಿಯ ನೆಲಮಾಳಿಗೆ ಅದು. ಫೆಬ್ರವರಿಯಿಂದ ಏಪ್ರಿಲ್ ಹದಿನೈದರವರೆಗೆ ಪ್ರತಿ ಮಂಗಳವಾರ ನಾವು ಏಳೆಂಟು ಸ್ವಯಂಸೇವಕರು ಅಲ್ಲಿ ಕೂತು ಊರವರ ಆದಾಯ ತೆರಿಗೆ ಫಾರಂ ತುಂಬಿ ಕಳಿಸುತ್ತೇವೆ. ಪುಕ್ಕಟೆಯಾಗಿ. ನನ್ನದು ನಾಲ್ಕನೇ ಮೇಜು. ಅದಿರು ಹಡಗುಗಳ ಧಕ್ಕೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು, ನಿವೃತ್ತನಾದ ಮೇಲೆ ಈ ಕೆಲಸ ಹಿಡಿದೆ. ಮದುವೆಯ ಗೊಡವೆಗೆ ಹೋದವನಲ್ಲ. ಮನೆಯಲ್ಲಿ ದಾರಿ ಕಾಯುವವರು ಯಾರೂ ಇರಲಿಲ್ಲ.

"ಇದು ತಪ್ಪು," ಎಂದೆ. "ನಿಮ್ಮ ಯಜಮಾನ್ರು ಕ್ಲಿಫ್ ತೀರ್ಕೊಂಡಿದ್ದು ಕಳೆದ ಆಗಸ್ಟಲ್ಲಿ. ಆ ವರ್ಷದ ಮಟ್ಟಿಗೆ ನೀವಿಬ್ರೂ ಗಂಡ ಹೆಂಡ್ತೀನೇ. ಅವ್ರ ಹೆಸರಿನ ಜೊತೆ ಸೇರಿಸಿಯೇ ಕಳಿಸ್ಬಹುದು."

"ಸರ್ಕಾರ ಹಾಗನ್ನುತ್ತಾ?"

"ಅನ್ನುತ್ತೆ."

"ಹಾಗಾದ್ರೆ ನಂಟು ಕಡ್ಕೊಂಡ ನಮ್ಮ ನಾದಿನಿಗಿಂತ ಸರ್ಕಾರಕ್ಕೇ ಕರುಳು ಜಾಸ್ತಿ," ಎಂದು ನಕ್ಕಳು. ನಗುತ್ತಲೇ ಅತ್ತಳು. ನಾನು ಮೂಗೊರೆಸುವ ಕಾಗದದ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದೆ. ನನ್ನ ಕಥೆ ಅಲ್ಲಿಗೇ ಮುಗಿದಿತ್ತು. ಅದು ನನಗೆ ಗೊತ್ತಾಗಲು ಇನ್ನೂ ಒಂದು ವರ್ಷ ಬೇಕಾಯಿತು.

ಮರುವರ್ಷ ಬಂದಳು. ಅದರ ಮರುವರ್ಷವೂ. ಬೇರೆ ಮೇಜು ಖಾಲಿಯಿದ್ದರೂ, "ನಾಲ್ಕನೇದಕ್ಕೇ ಕಾಯ್ತೀನಿ," ಎನ್ನುತ್ತಿದ್ದಳು. ಉಣ್ಣೆಯ ಟೋಪಿ ತೆಗೆದರೆ ಅವಳ ನರೆತ ಕೂದಲು ನೆಟ್ಟಗೆ ನಿಲ್ಲುತ್ತಿತ್ತು. ನಾನು ನೋಡುತ್ತಿದ್ದೇನೆಂದು ತಿಳಿದೂ ಅವಳು ಅದನ್ನು ನಿಧಾನವಾಗಿಯೇ ಸವರಿಕೊಳ್ಳುತ್ತಿದ್ದಳು. ನಾವು ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ತಾನು ಬೇಯಿಸಿದ ಶುಂಠಿ ಬಿಸ್ಕತ್ತಿನ ತಟ್ಟೆಯನ್ನು ಎಲ್ಲರಿಗೂ ಎಂದು ಬಾಗಿಲ ಬಳಿ ಇಟ್ಟು, ನನ್ನ ಮೇಜಿನ ಮುಂದೆ ಕೂತು, "ಎಷ್ಟು ತಿಂದ್ರಿ?" ಎಂದು ಕೇಳುತ್ತಿದ್ದಳು.

ಅವಳ ಹುಟ್ಟಿದ ತಾರೀಕು, ಮನೆ ವಿಳಾಸ, ಫೋನ್ ನಂಬರು ಎಲ್ಲ ನನಗೆ ಬಾಯಿಪಾಠ. ಆದರೆ ಫಾರಂನಲ್ಲಿ ಕಂಡದ್ದನ್ನು ಹೊರಗೆ ಬಳಸುವುದಿಲ್ಲವೆಂದು ನಾವೆಲ್ಲ ಪ್ರತಿವರ್ಷ ಸಹಿ ಹಾಕುತ್ತೇವೆ. ಅವಳ ಹುಟ್ಟುಹಬ್ಬದ ದಿನ, ಮೇ ಒಂಬತ್ತರಂದು, ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದೆ. ನಿಯಮ ಒಳ್ಳೆಯದೇ. ನನ್ನಂಥ ಪುಕ್ಕಲನಿಗಂತೂ ಬಹಳ ಅನುಕೂಲ. ನಂಬರು ಕೊಡಿ ಎಂದು ಅವಳನ್ನೇ ಕೇಳಿದ್ದರೆ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ.

ಫಾರಂ ಶುರುಮಾಡುವ ಮುನ್ನ ಎಲ್ಲರಿಗೂ ಒಂದು ಪ್ರಶ್ನೆ ಕೇಳಲೇಬೇಕು. "ಕಳೆದ ವರ್ಷ ನಿಮ್ಮ ಜೀವನದಲ್ಲಿ ಏನಾದ್ರೂ ಬದಲಾವಣೆ ಆಯ್ತಾ?"

"ಹೊಸ ಟೋಪಿ ಬಂತು, ಅಷ್ಟೇ," ಎಂದಿದ್ದಳು ಒಂದು ಸಲ. ಇನ್ನೊಂದು ಸಲ, "ಇನ್ನೂ ಇಲ್ಲ," ಎಂದು ಆ 'ಇನ್ನೂ'ವನ್ನು ಸ್ವಲ್ಪ ಎಳೆದಳು.

ಹೋದ ವರ್ಷ ಮಾತ್ರ ಉತ್ತರ ಕೊಡಲಿಲ್ಲ. ಗಲ್ಲಕ್ಕೆ ಕೈಕೊಟ್ಟು, ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು.

"ಇದನ್ನ ಫಾರಂ ಕೇಳ್ತಿದೆಯಾ ಆರ್ವಿಡ್, ಇಲ್ಲಾ ನೀವು ಕೇಳ್ತಿದೀರಾ?"

ನನ್ನ ಕಿವಿ ಬಿಸಿಯಾಯಿತು. ಪಕ್ಕದ ಮೇಜಿನವರು ಪ್ರಿಂಟರಿನ ಜೊತೆ ಗುದ್ದಾಡುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ.

"ಫಾರಂ," ಎಂದೆ.

"ಹಾಗಾದ್ರೆ ಬದಲಾವಣೆ ಇಲ್ಲ ಅಂತ ಬರ್ಕೊಳ್ಳಿ," ಎಂದು ಅವಳು ತನ್ನ ಕೈಗವಸುಗಳ ಕಡೆ ನೋಡಿದಳು.

ಆ ಒಂದು ಪದಕ್ಕಾಗಿ ವರ್ಷವಿಡೀ ನನ್ನನ್ನು ನಾನೇ ಬೈದುಕೊಂಡೆ. ಈ ಫೆಬ್ರವರಿಯಲ್ಲಿ ಹೇಳಿಯೇ ಬಿಡುವುದೆಂದು ಹೊಸ ಅಂಗಿ ಹೊಲಿಸಿಟ್ಟ ಮದುಮಗನ ಹಾಗೆ ಕಾದೆ. ಫೆಬ್ರವರಿ ಪೂರ್ತಿ ಅವಳು ಬರಲಿಲ್ಲ. ಬಂದದ್ದು ಮಾರ್ಚಿನ ಮೂರನೇ ಮಂಗಳವಾರ. ಹಿಂದೆ ಬೇಟೆಗಾರರ ಕಿತ್ತಳೆ ಟೋಪಿಯ ಎತ್ತರದ ಗಂಡಸೊಬ್ಬ ಇದ್ದ.

ನಾನು ಪ್ರಶ್ನೆ ಕೇಳಿದೆ. ಕೇಳಲೇಬೇಕಲ್ಲ.

"ಆಗಿದೆ," ಎಂದಳು. "ಅಕ್ಟೋಬರಲ್ಲಿ ಮದುವೆಯಾದೆ."

"ಆ ಬದಲಾವಣೆ ನಾನೇ, ಲೈಲ್ ಅಂತ," ಎಂದು ಆತ ನಗುತ್ತ ಕೈ ಚಾಚಿದ. ಒಳ್ಳೆಯ ಮನುಷ್ಯ. ಆ ಮನುಷ್ಯನನ್ನು ದ್ವೇಷಿಸಲು ನೋಡಿದೆ, ಆಗಲಿಲ್ಲ. ಅವಳ ಕೋಟನ್ನು ಕುರ್ಚಿಗೆ ಹಾಕುವಾಗ ತೋಳು ನೆಲಕ್ಕೆ ತಾಗದಂತೆ ಮಡಚಿಟ್ಟ.

'ಜೋಡಿ' ಎಂಬ ಚೌಕಕ್ಕೆ ಗುರುತು ಹಾಕಿದೆ. ಇಬ್ಬರೂ ಸಹಿ ಮಾಡಬೇಕಾದ ಜಾಗಕ್ಕೆ ನನ್ನ ಬೆರಳಿಟ್ಟೇ ತೋರಿಸಿದೆ. ಲೈಲ್ ಮಾಡಿದ. ಅವಳು ಹೊಸ ಹೆಸರಿನಲ್ಲಿ ಮಾಡಿದಳು.

"ಲೈಲ್, ನೀನು ಹೋಗಿ ಕಾರಿನ ಹೀಟರ್ ಹಾಕಿರು, ಬಂದೆ."

ಆತ ಮೆಟ್ಟಿಲೇರಿ ಹೋದ. ಅವಳು ಏಳಲಿಲ್ಲ.

"ಇದನ್ನ ಮನೇಲೇ ಕಂಪ್ಯೂಟರಲ್ಲಿ ಪುಕ್ಕಟೆ ಮಾಡ್ಬಹುದಲ್ವಾ?"

"ಮಾಡ್ಬಹುದು. ನಿಮಗೆ ಅರ್ಧ ಗಂಟೆ ಕೆಲಸ. ವೆಬ್‌ಸೈಟಿನ ಹೆಸರು ಬರ್ಕೊಡ್ಲಾ?"

"ಬೇಡ, ಗೊತ್ತು. ನಾಲ್ಕು ವರ್ಷದಿಂದ ಗೊತ್ತು. ಮಗಳು ಹೇಳ್ಕೊಟ್ಲು. ಪ್ರತಿ ಸಲ ಮನೇಲಿ ಪೂರ್ತಿ ತುಂಬ್ತಿದ್ದೆ. ಕಳಿಸೋ ಬಟನ್ ಒಂದನ್ನ ಒತ್ತದೆ, ಕಾಗದ ಎತ್ಕೊಂಡು ಇಲ್ಲಿಗೆ ಬರ್ತಿದ್ದೆ." ಕಾಗದಗಳನ್ನು ಜೋಡಿಸಿಕೊಳ್ಳುತ್ತ ಹೇಳಿದಳು, "ನಿಮ್ಮ ಲೆಕ್ಕ ಒಂದ್ ಸಲಾನೂ ತಪ್ಪಿಲ್ಲ ಬಿಡಿ."

ಹೇಳಿ ಇನ್ನು ಪ್ರಯೋಜನವಿರಲಿಲ್ಲ. ಆದರೂ ಹೇಳಿದೆ.

"ಹೋದ ವರ್ಷ ಕೇಳಿದ್ದು ಫಾರಂ ಅಲ್ಲ, ಮಾರ್ಲಿಸ್. ನಾನು."

ಅವಳು ಹಿಡಿದಿದ್ದ ಕೈಗವಸುಗಳನ್ನು ಮೇಜಿನ ಮೇಲಿಟ್ಟು, ನನ್ನ ಕೈಯ ಮೇಲೆ ಕೈಯಿಟ್ಟಳು. ಆರು ವರ್ಷದಲ್ಲಿ ಮೊದಲ ಸಲ. ಬೆರಳು ತಣ್ಣಗಿದ್ದವು.

"ಗೊತ್ತಿತ್ತು ಕಣ್ರೀ. ನಿಮ್ಮ ಬಾಯಿಂದ ಬರ್ಲಿ ಅಂತ ಕಾದೆ. ಆಮೇಲೆ ಕಾಯೋಕೆ ಭಯ ಆಯ್ತು." ಕಣ್ಣೊರೆಸಿಕೊಂಡು ಎದ್ದಳು. "ಮುಂದಿನ ವರ್ಷದಿಂದ ಮನೇಲೇ ಮಾಡ್ತೀನಿ."

"ಅದೇ ಒಳ್ಳೇದು," ಎಂದೆ.

ಅವಳು ಹೋದ ಮೇಲೆ ಬಾಗಿಲ ಕಡೆ ನೋಡಿದೆ. ಬಿಸ್ಕತ್ತಿನ ತಟ್ಟೆ ಈ ಸಲವೂ ಅಲ್ಲಿತ್ತು.

ಸ್ಕ್ರೀನಿನ ಮೇಲೆ ಅವರಿಬ್ಬರ ಹೆಸರು ಇನ್ನೂ ಇತ್ತು. ಕೆಳಗೆ ಕಳಿಸುವ ಬಟನ್. ನಾಲ್ಕು ವರ್ಷ ಅವಳು ಒತ್ತದೆ ಉಳಿಸಿಕೊಂಡು ಬಂದದ್ದು. ಸರದಿಯಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು.

ನಾನು ಅದನ್ನು ಒತ್ತಿದೆ.